ಆರೈಕೆಗೆ ಅಡ್ಡವಾದ ದಾರಿ

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬುದು ಮೆದುಳು, ಬೆನ್ನುಹುರಿಗಳ ರೋಗ. ದೇಹದ ರಕ್ಷಣಾಶಕ್ತಿಯೇ ನರಗಳ ಹೊದಿಕೆಯನ್ನು ಕೆಡಿಸುತ್ತದೆ; ಕಾಲು ತಡವರಿಸುತ್ತದೆ, ದೃಷ್ಟಿ ಮಸುಕಾಗುತ್ತದೆ. 2020ರ ಅಂದಾಜಿನಂತೆ ಜಗತ್ತಿನಲ್ಲಿ ಇಂಥ ರೋಗಿಗಳು ಸುಮಾರು 28 ಲಕ್ಷ. ಅವರಲ್ಲಿ ಸ್ತ್ರೀಯರೇ ಹೆಚ್ಚು.

ಇದನ್ನು ಬೇರುಸಹಿತ ಕೀಳುವ ಔಷಧ ಇನ್ನೂ ಇಲ್ಲ. ‘ಗುಣವಾಗದ ರೋಗಕ್ಕೆ ವ್ಯಾಯಾಮವೇಕೆ?’ ಎಂದು ನಾವು ಕೇಳಿಬಿಡುತ್ತೇವೆ. ಮೊದಲನೆಯ ಅಡ್ಡಿ ಈ ಪ್ರಶ್ನೆಯೇ. ಫಿಸಿಯೋಥೆರಪಿ ಮೊದಲಾದ ಪುನಶ್ಚೇತನ ಚಿಕಿತ್ಸೆಗಳು ರೋಗವನ್ನು ಅಳಿಸಲಾರವು, ನಿಜ. ಆದರೆ ಉಳಿದಿರುವ ನಡಿಗೆಯನ್ನೂ ಮಾತನ್ನೂ ತನ್ನ ಕೈಯಾರೆ ಉಣ್ಣುವ ಬಲವನ್ನೂ ಕಾಪಾಡಲು ಅವು ನೆರವಾಗುತ್ತವೆ.

ಎರಡನೆಯ ಅಡ್ಡಿ ದೂರ. ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿರುವಂತೆ, ಕೆಲವು ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ 10 ಲಕ್ಷ ಜನರಿಗೆ ಪುನಶ್ಚೇತನ ಚಿಕಿತ್ಸಕರು 10 ಮಂದಿಯೂ ಇಲ್ಲ. ಬಿಸಿಲಿನ ತಾಪದಿಂದ ಈ ರೋಗಿಯ ನಿಶ್ಶಕ್ತಿ ಇಮ್ಮಡಿಸುವುದುಂಟು. ಚಿಕಿತ್ಸೆಯಿಂದ ಪಡೆದ ತ್ರಾಣವನ್ನು ಹಿಂದಿರುಗುವ ಬಸ್ಸಿನ ಪಯಣವೇ ಕಸಿದುಕೊಂಡರೆ ಫಲವೇನು?

ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಈ ರೋಗದ ಹೆಸರುಂಟು. ಅದು ಗಡಿಯ ಎರಡೂ ಬದಿಗೆ ಅನ್ವಯವಾಗುವ ಕೇಂದ್ರ ಕಾಯಿದೆ. ಆದರೆ ಚಿಕಿತ್ಸಕರನ್ನು ಊರಿನ ಸಮೀಪಕ್ಕೆ ತರುವ ಕೆಲಸ ಬಾಕಿಯಿದೆ. ಅದನ್ನು ಕೇಳೋಣ. ಅಷ್ಟರಲ್ಲಿ, ಕಣ್ಣಿಗೆ ಕಾಣದ ಬಳಲಿಕೆಯನ್ನು ಸೋಮಾರಿತನವೆಂದು ಹಳಿಯದಿರುವುದಂತೂ ನಮ್ಮ ನಮ್ಮ ಮನೆಯಲ್ಲೇ ಸಾಧ್ಯ.