‘ತೊಂದರೆ ಕಂಡುಬಂದಿಲ್ಲ’ ಎನ್ನುವವರಿಗೆ

ಮನೆಮಂದಿಗೆಲ್ಲ ಆಗಲೆಂದು ಸಾಲ ಮಾಡಿ ಕೊಂಡ ಎಸ್‌ಯುವಿ ಪದೇ ಪದೇ ಕೆಟ್ಟು ನಿಂತಾಗ ಮಾಲೀಕರು ದೂರುತ್ತಾರೆ. ಪುಣೆಯಲ್ಲಿ ಅವರ ಬಾಯಿ ಮುಚ್ಚಿಸಲು ಕಂಪನಿಯವರೇ ಬರಬೇಕಿಲ್ಲ, ನೆರೆಹೊರೆಯವರೇ ಸಾಕು. ಪಿಂಪ್ರಿ, ಚಾಕಣದ ವಾಹನ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರೂ ಅವರಲ್ಲಿದ್ದಾರೆ. ಅನ್ನ ಕೊಟ್ಟ ಜಾಗದ ಮೇಲೆ ಅಭಿಮಾನ ಇರಬೇಕಾದ್ದೇ. ಆದರೆ ಅವರ ವಾದಗಳಲ್ಲಿ ಹುರುಳಿಲ್ಲ.

‘ಲಕ್ಷಗಟ್ಟಲೆ ಗಾಡಿ ಓಡ್ತಾವೆ, ಕೂಗಾಡೋರು ನಾಲ್ಕೇ ಮಂದಿ’ ಎನ್ನುವುದು ಮೊದಲ ಮಾತು. 2023ರ ಆಗಸ್ಟ್‌ನಲ್ಲಿ ಮಹೀಂದ್ರಾ ಕಂಪನಿ ಚಾಕಣದಲ್ಲಿ ತಯಾರಾದ ಎಕ್ಸ್‌ಯುವಿ700 ಗಾಡಿಗಳನ್ನು ಎಂಜಿನ್ ಕೋಣೆಯ ವೈರಿಂಗ್ ಉಜ್ಜಿ ಹರಿಯಬಹುದೆಂದು ತಪಾಸಣೆಗೆ ಕರೆಯಿತು. ಸಂಖ್ಯೆ 1,08,306. ತಾನಾಗಿ ಕರೆದದ್ದು ಮೆಚ್ಚತಕ್ಕದ್ದೇ. ಆದರೆ ಅದಕ್ಕೂ ಮುನ್ನ ಯಾರಾದರೂ ‘ವೈರಿಂಗ್ ಯಾಕೋ ಸರಿಯಿಲ್ಲ’ ಎಂದಿದ್ದರೆ ಅವರನ್ನೂ ನೀವು ಆ ನಾಲ್ಕು ಮಂದಿಯಲ್ಲೇ ಸೇರಿಸುತ್ತಿದ್ದಿರಿ. ಇನ್ನೊಂದು ವಿಷಯ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ, ಏಳು ವರ್ಷದೊಳಗಿನ ವಾಹನದ ಸುರಕ್ಷತೆಯ ದೋಷದ ಬಗ್ಗೆ ನಿಗದಿತ ಪ್ರಮಾಣದಲ್ಲಿ ದೂರುಗಳು ದಾಖಲಾದರೆ ಸರ್ಕಾರವೇ ವಾಪಸಾತಿಗೆ ಆದೇಶಿಸಬಹುದು, 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ದೂರು ಕೊಡಬೇಡಿ ಎಂದು ನೀವೇ ಜನರನ್ನು ತಡೆದು, ಆಮೇಲೆ ದೂರುಗಳೇ ಕಡಿಮೆ ಎಂದರೆ ಹೇಗೆ?

ಎರಡನೆಯದು, ‘ನಿಮಗೆ ಓಡಿಸೋಕೆ ಬರಲ್ಲ’. ಇದನ್ನು ಹೆಚ್ಚಾಗಿ ಕೇಳುವವರು ಡೀಸೆಲ್ ಗಾಡಿಯವರು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಎಂಬ ಹೊಗೆ ಮಿತಿ ಕಡ್ಡಾಯವಾದ ಮೇಲೆ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಬಂತು. ಸಿಕ್ಕಿಕೊಂಡ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಶಾಖ ಬೇಕು, ಅದಕ್ಕೆ ಗಾಡಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಪುಣೆಯ ಹಿಂಜೇವಾಡಿಯಿಂದ ಬಾಣೇರ್‌ವರೆಗೆ ಸಂಜೆ ಆರು ಗಂಟೆಯ ಟ್ರಾಫಿಕ್ಕಿನಲ್ಲಿ ಒಂದೇ ವೇಗ ಎಂದರೆ ನಿಂತಿರುವುದು! ಮಸಿ ಸುಡಲೆಂದು ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಅಷ್ಟರಲ್ಲಿ ಆಫೀಸು ಬಂತೆಂದು ಕೀಲಿ ತಿರುಗಿಸಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹೀಗೇ ನಡೆಯುತ್ತಾ ಹೋದರೆ ಉರಿಯದ ಡೀಸೆಲ್ ಜಾರಿ ಎಂಜಿನ್ ಆಯಿಲ್‌ಗೆ ಸೇರುತ್ತದೆ. ಬಾನೆಟ್ ಎತ್ತಿ ಗೇಜಿನ ಕಡ್ಡಿ ಎಳೆದು ನೋಡಿ: ಇಳಿಯಬೇಕಾದ ಆಯಿಲ್ ಮೇಲಿನ ಗೆರೆ ದಾಟಿರುತ್ತದೆ, ಮೂಗಿನ ಹತ್ತಿರ ಹಿಡಿದರೆ ಡೀಸೆಲ್ ವಾಸನೆ ಹೊಡೆಯುತ್ತದೆ. ಇದು ಚಾಲಕನ ತಪ್ಪೇ? ನಿಜ, ವಾರಕ್ಕೊಮ್ಮೆ ಹೆದ್ದಾರಿಗೆ ಒಯ್ದರೆ ತೊಂದರೆ ಕಡಿಮೆ. ಹಾಗಾದರೆ ಆ ಮಾತನ್ನು ಶೋರೂಮಿನಲ್ಲಿ ಹೇಳಬೇಕಿತ್ತು. ಕೊಳ್ಳುವಾಗ ‘ಸಿಟಿಗೆ ಹೇಳಿ ಮಾಡಿಸಿದ ಗಾಡಿ ಸಾರ್’ ಎಂದವರು, ಕೆಟ್ಟಾಗ ‘ಖಂಬಾಟ್ಕಿ ಘಾಟಿನವರೆಗೆ ಓಡಿಸ್ಕೊಂಡು ಬನ್ನಿ’ ಎನ್ನುತ್ತಾರೆ.

‘ಐದು ಸ್ಟಾರ್ ಬಂದಿದೆಯಲ್ಲ’ ಎನ್ನುವವರಿಗೆ ಉತ್ತರ ಚಿಕ್ಕದು. 2023ರ ಡಿಸೆಂಬರ್‌ನಲ್ಲಿ ಭಾರತ್ ಎನ್‌ಕ್ಯಾಪ್ ಎಂಬ ಡಿಕ್ಕಿ ಪರೀಕ್ಷೆಯಲ್ಲಿ ಮೊದಲು ಐದು ಸ್ಟಾರ್ ಪಡೆದ ಹ್ಯಾರಿಯರ್, ಸಫಾರಿ ಎರಡೂ ಪುಣೆಯವೇ, ನನಗೂ ಹೆಮ್ಮೆ. ಆ ಸ್ಟಾರು ಡಿಕ್ಕಿಯಾದಾಗ ಜೀವ ಉಳಿಯುತ್ತದೆಯೇ ಎಂಬುದಕ್ಕೆ. ಯಾವ ಗಾಡಿಯ ಕ್ಲಚ್ಚು ಎಷ್ಟು ದಿನ ಬಾಳುತ್ತದೆ ಎಂಬುದಕ್ಕಲ್ಲ.

‘ವಾರಂಟಿಯಲ್ಲಿ ಪುಕ್ಕಟೆ ಮಾಡಿಕೊಟ್ಟರಲ್ಲ, ಇನ್ನೇನು ಬೇಕು?’ ಇದರಲ್ಲಿ ಸ್ವಲ್ಪ ಬಲವಿದೆ. 2006ರಲ್ಲಿ ಮಾರುತಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ವಾರಂಟಿಯ ಷರತ್ತು ಕೆಟ್ಟ ಬಿಡಿಭಾಗ ಬದಲಿಸಲು ಮಾತ್ರ, ಇಡೀ ಕಾರನ್ನಲ್ಲ ಎಂದಿತ್ತು. ಆದರೆ ಅದೇ ಬಿಡಿಭಾಗ ಮೂರನೇ ಸಲ ಹೋದರೆ? ಅಮೆರಿಕದ ಕನೆಕ್ಟಿಕಟ್ ರಾಜ್ಯ 1982ರಲ್ಲೇ ಕಾನೂನು ಮಾಡಿತು: ಇಂತಿಷ್ಟು ಸಲ ರಿಪೇರಿಯಾದರೂ ಸರಿಹೋಗದ ಹೊಸ ಕಾರನ್ನು ಕಂಪನಿ ಬದಲಿಸಬೇಕು, ಇಲ್ಲವೇ ಹಣ ಮರಳಿಸಬೇಕು. ನಮ್ಮಲ್ಲಿ ಆ ಲೆಕ್ಕವೇ ಇಲ್ಲ. ಲೆಕ್ಕ ಇಡಬೇಕಾದ ಸರ್ವಿಸ್ ಸೆಂಟರಿನ ಜಾಬ್ ಕಾರ್ಡಿನ ಗತಿ ನೋಡಿ. ಮಾಲೀಕ ‘ಎರಡನೇ ಗೇರಿನಲ್ಲಿ ಗಾಡಿ ಜಗ್ಗುತ್ತದೆ, ಹೋದ ತಿಂಗಳೂ ಇದೇ’ ಎನ್ನುತ್ತಾನೆ. ಸರ್ವಿಸ್ ಅಡ್ವೈಸರ್ ‘ಜನರಲ್ ಚೆಕಪ್’ ಎಂದು ಬರೆದುಕೊಳ್ಳುತ್ತಾನೆ. ಸಂಜೆ ಗಾಡಿ ತೊಳೆದು ಕೊಡುವಾಗ ಷರಾ: ತೊಂದರೆ ಕಂಡುಬಂದಿಲ್ಲ. ಮೂರು ಸಲ ಅಲೆದವನ ಕೈಯಲ್ಲಿ ಉಳಿಯುವುದು ಮೂರು ಚೆಕಪ್ಪಿನ ಚೀಟಿ.

‘ಅಷ್ಟಿದ್ದರೆ ಕೋರ್ಟಿಗೆ ಹೋಗಿ.’ ಹೋದವರಿದ್ದಾರೆ. ಕ್ರೆಟಾ ಕಾರಿನ ಏರ್‌ಬ್ಯಾಗ್ ಬಿಚ್ಚಿಕೊಳ್ಳದ ಪ್ರಕರಣದಲ್ಲಿ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹುಂಡೈ ವಿರುದ್ಧ ತೀರ್ಪು ಕೊಟ್ಟಿತು. ಡಿಕ್ಕಿಯ ವೇಗ, ಬಲ ಲೆಕ್ಕಹಾಕಲು ಗ್ರಾಹಕ ಭೌತಶಾಸ್ತ್ರದ ಪಂಡಿತನಾಗಬೇಕಿಲ್ಲ ಎಂಬುದು ಅದರ ಸಾರ. ಆದರೆ 2017ರ ನವೆಂಬರ್‌ನ ಅಪಘಾತಕ್ಕೆ ಅಂತಿಮ ಉತ್ತರ ಬಂದದ್ದು ನಾಲ್ಕೂವರೆ ವರ್ಷದ ಮೇಲೆ. ಕಣ್ಣಿಗೆ ಕಾಣದ ದೋಷವನ್ನು ಗ್ರಾಹಕ ಆಯೋಗ ಪ್ರಯೋಗಾಲಯಕ್ಕೆ ಕಳಿಸಬಹುದು, ಶುಲ್ಕ ಕಟ್ಟಬೇಕಾದವನು ದೂರುದಾರ. 1966ರಲ್ಲಿ ಹುಟ್ಟಿದ ಎಆರ್‌ಎಐ ಎಂಬ ವಾಹನ ಸಂಶೋಧನಾ ಸಂಸ್ಥೆ ಪುಣೆಯ ಕೋಥ್ರೂಡಿನ ವೇತಾಳ ಟೇಕಡಿ ಎಂಬ ಗುಡ್ಡದ ಮೇಲೇ ಇದೆ. ಗುಡ್ಡದ ಕೆಳಗೆ ಮನೆ ಮಾಡಿಕೊಂಡವನಿಗೂ ಅಲ್ಲಿಗೆ ದಾರಿ ಆಯೋಗದ ಮೂಲಕ ಸುತ್ತಿಕೊಂಡೇ.

ಕೊನೆಗೆ ‘ಸ್ವದೇಶಿ ಕಂಪನಿಯ ಹೆಸರು ಕೆಡಿಸ್ತೀರಿ’. ಹೆಸರು ಉಳಿಯಬೇಕೆನ್ನುವ ಕಾರ್ಖಾನೆಯ ಮಿತ್ರರೇ, ನಿಮ್ಮ ಕೈಲಾಗುವ ಕೆಲಸವೊಂದಿದೆ. ದೂರನ್ನು ಮಾಲೀಕ ಹೇಳಿದ ಮಾತಿನಲ್ಲೇ ಜಾಬ್ ಕಾರ್ಡಿನಲ್ಲಿ ಬರೆಯಬೇಕೆಂದು ನಿಮ್ಮ ಮೇಲಿನವರಿಗೆ ಹೇಳಿ. ಅದೇ ದೂರು ಮೂರನೇ ಸಲ ಬಂದರೆ ಚಾಕಣದಿಂದಲೋ ಪಿಂಪ್ರಿಯಿಂದಲೋ ಒಬ್ಬ ಎಂಜಿನಿಯರ್ ಬಂದು, ಮಾಲೀಕನ ಪಕ್ಕದ ಸೀಟಿನಲ್ಲಿ ಕೂತು, ಕಾತ್ರಜ್ ಘಾಟು ಹತ್ತಿಸಿ ನೋಡಲಿ.