ಹಿಂದಿನ ಸೀಟಿನವಳ ಲೆಕ್ಕ

ನಮ್ಮ ಅತ್ತಿಗೆ ಬಿದ್ದದ್ದು ಹಂಪಿನ ಮೇಲೆ. ತಿಪಟೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶ ಮುಗಿಸಿಕೊಂಡು ಅಣ್ಣ, ಅತ್ತಿಗೆ ಊರಿಗೆ ಹೊರಟಿದ್ದರು. ಅಣ್ಣ ಮುಂದೆ, ಅತ್ತಿಗೆ ಹಿಂದೆ, ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟುಕೊಂಡು. ತೊಡೆಯ ಮೇಲೆ ತಾಂಬೂಲದ ಚೀಲ, ಅದರ ಮೇಲೆ ಹೆಲ್ಮೆಟ್. ತಲೆಗೆ ಹಾಕಿಕೊಂಡರೆ ಮುಡಿದ ಮಲ್ಲಿಗೆ ನಲುಗುತ್ತದಲ್ಲ. ಹೊತ್ತು ಮುಳುಗಿತ್ತು. ಯಾವುದೋ ಹಳ್ಳಿಯ ಬಸ್ ಸ್ಟಾಪಿನ ಎದುರು, ಬಿಳಿ ಪಟ್ಟೆಯಿಲ್ಲದ ಹಂಪು ಕಂಡಾಗ ಗಾಡಿ ಅದರ ಮೇಲೆ ಹತ್ತಿಯಾಗಿತ್ತು. ಹತ್ತು ಮಾರು ಮುಂದೆ ಹೋದ ಮೇಲೆ ಗಾಡಿ ಹಗುರವಾಯಿತಲ್ಲ ಅನ್ನಿಸಿ ಅಣ್ಣ ತಿರುಗಿ ನೋಡಿದನಂತೆ.

ದೇವರು ದೊಡ್ಡವನು, ತಲೆ ಉಳಿಯಿತು. ಬೀಳುವಾಗ ಬಲಗೈ ಊರಿದ್ದರಿಂದ ಮಣಿಕಟ್ಟು ಮುರಿಯಿತು.

ನಾನು ಆಸ್ಪತ್ರೆ ತಲುಪಿದಾಗ ಡ್ಯೂಟಿ ಡಾಕ್ಟರು ಕೇಳುತ್ತಿದ್ದರು. "ಹೇಗಾಯ್ತಮ್ಮ?" ಅತ್ತಿಗೆ ಬಾಯಿ ತೆರೆಯುವ ಮೊದಲೇ ಅಣ್ಣ ಹೇಳಿದ, "ಬಚ್ಚಲಲ್ಲಿ ಜಾರಿಬಿಟ್ಲು ಸಾರ್." ಡಾಕ್ಟರು ರೇಷ್ಮೆ ಸೀರೆಗೆ ಮೆತ್ತಿದ ಜಲ್ಲಿಪುಡಿಯನ್ನೊಮ್ಮೆ, ಅಣ್ಣನ ಮುಖವನ್ನೊಮ್ಮೆ ನೋಡಿದರು. ಬಚ್ಚಲು ಎಂದೇ ಬರೆದುಕೊಂಡರು.

ನಮ್ಮ ಆಸ್ಪತ್ರೆಗಳ ಚೀಟಿಗಳನ್ನು ನಂಬುವುದಾದರೆ ಕರ್ನಾಟಕದ ಹೆಂಗಸರೆಲ್ಲ ಬಚ್ಚಲಲ್ಲೇ ಬೀಳುತ್ತಾರೆ. ಈ ಸುಳ್ಳಿನ ಹಿಂದಿರುವ ಭಯ ಮಾತ್ರ ನಿಜವಾದದ್ದು. ರಸ್ತೆ ಎಂದರೆ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸು, ಆಗುತ್ತದೆ, ಪೊಲೀಸರು ಬರುತ್ತಾರೆ, ಗಾಡಿ ಸ್ಟೇಷನ್ನಿನ ಅಂಗಳ ಸೇರುತ್ತದೆ. ಹೆಂಡತಿ ಬಿದ್ದದ್ದಕ್ಕೆ ಗಂಡನ ಮೇಲೇ ಕೇಸು. ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125ನೇ ಕಲಮುಗಳು ಅವನಿಗೂ ಅನ್ವಯಿಸುತ್ತವೆ. ಆದರೆ ಚೀಟಿಯಲ್ಲಿ ಬಚ್ಚಲು ಎಂದು ಬರೆಸಿದ ಕ್ಷಣವೇ ಎಷ್ಟು ಬಾಗಿಲು ಮುಚ್ಚಿತು ಎಂಬುದು ಅಣ್ಣನಿಗೂ ಗೊತ್ತಿರಲಿಲ್ಲ, ಆ ರಾತ್ರಿ ನನಗೂ ಹೊಳೆಯಲಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದೆ. ಬಚ್ಚಲಲ್ಲಿ ಬಿದ್ದವರಿಗೆ ಅದಿಲ್ಲ. ಮುಂದೆ ಯಾವತ್ತಾದರೂ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದರೆ ವಿಮಾ ಕಂಪನಿಯ ವಕೀಲರು ಮೊದಲು ಎತ್ತಿ ತೋರಿಸುವುದು ಆಸ್ಪತ್ರೆಯ ಆ ಮೊದಲ ಚೀಟಿಯನ್ನೇ.

ಹೀಗೆ ಬಿದ್ದವಳ ಬೆಲೆ ಎಷ್ಟು? ಒರಟು ಪ್ರಶ್ನೆ, ನಿಜ. ನಮ್ಮ ನ್ಯಾಯಾಲಯಗಳು ಮಾತ್ರ ಅದನ್ನು ದಶಕಗಳಿಂದ ಕೇಳಿಕೊಳ್ಳುತ್ತಲೇ ಬಂದಿವೆ. ಸಂಬಳದ ಚೀಟಿ ಇರುವವರದು ಸುಲಭದ ಲೆಕ್ಕ. ಮನೆ ನಡೆಸುವವಳಿಗೆ ಸಂಬಳದ ಚೀಟಿ ಕೊಡುವವರು ಯಾರು? 1994ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ ಎರಡನೇ ಅನುಸೂಚಿ ಇದಕ್ಕೊಂದು ಉತ್ತರ ಕೊಟ್ಟಿತ್ತು: ಆದಾಯವಿಲ್ಲದವರಿಗೆ ವರ್ಷಕ್ಕೆ 15,000 ರೂಪಾಯಿ, ಗೃಹಿಣಿಯಾದರೆ ಗಂಡನ ಸಂಪಾದನೆಯ ಮೂರನೇ ಒಂದು ಪಾಲು. ಅಂದರೆ ಅದೇ ಅಡುಗೆ, ಅದೇ ಪಾತ್ರೆ, ಅದೇ ಕಸಮುಸುರೆ. ಗಂಡ ಬ್ಯಾಂಕ್ ಮ್ಯಾನೇಜರಾದರೆ ಒಂದು ರೇಟು, ಗಾರೆ ಕೆಲಸದವನಾದರೆ ಇನ್ನೊಂದು.

ನ್ಯಾಯಾಲಯಗಳು ಕೊಟ್ಟ ಉತ್ತರ ನೋಡಿ. 1989ರ ಮಾರ್ಚ್ 3ರಂದು ಜಮ್ಶೆಡ್‌ಪುರದಲ್ಲಿ ಜಮ್ಶೆಟ್‌ಜಿ ಟಾಟಾ ಅವರ ಜನ್ಮದಿನದ ಸಮಾರಂಭಕ್ಕೆ ಹಾಕಿದ್ದ ಶಾಮಿಯಾನಕ್ಕೆ ಬೆಂಕಿ ಬಿತ್ತು. ಸತ್ತವರಲ್ಲಿ ಹೆಂಗಸರು, ಮಕ್ಕಳು ಬಹಳ. ಆ ಪರಿಹಾರದ ಪ್ರಕರಣ, ಲತಾ ವಾಧ್ವಾ ಪ್ರಕರಣ ಎಂದೇ ಹೆಸರಾದದ್ದು, 2001ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದಾಗ ಗೃಹಿಣಿಯ ದುಡಿಮೆಗೆ ತಿಂಗಳಿಗೆ 3,000 ರೂಪಾಯಿ ಎಂದು ಕಟ್ಟಲಾಯಿತು. 2010ರ ಅರುಣ್ ಕುಮಾರ್ ಅಗರ್‌ವಾಲ್ ಪ್ರಕರಣದಲ್ಲಿ ನ್ಯಾಯಮೂರ್ತಿ ಎ.ಕೆ. ಗಂಗೂಲಿ ಇನ್ನೊಂದು ಕಟು ಸತ್ಯವನ್ನು ಬರೆದಿಟ್ಟರು: 2001ರ ಜನಗಣತಿಯು ಮನೆಗೆಲಸ ಮಾಡುವ ಕೋಟ್ಯಂತರ ಹೆಂಗಸರನ್ನು ಭಿಕ್ಷುಕರು, ವೇಶ್ಯೆಯರು, ಕೈದಿಗಳ ಜೊತೆ 'ದುಡಿಯದವರು' ಎಂಬ ಒಂದೇ ಪಟ್ಟಿಗೆ ಸೇರಿಸಿತ್ತು. ಗಣತಿಗೆ ಬಂದ ಮೇಷ್ಟ್ರಿಗೆ ಕಾಫಿ ಮಾಡಿಕೊಟ್ಟವಳೂ ಆ ಪಟ್ಟಿಯಲ್ಲೇ ಇದ್ದಳು.

2014ರಲ್ಲಿ ದೆಹಲಿಯಲ್ಲಿ ಬೈಕಿನಲ್ಲಿ ಹೋಗುತ್ತಿದ್ದ ಗಂಡ ಹೆಂಡತಿಗೆ ಕಾರೊಂದು ಗುದ್ದಿ ಇಬ್ಬರೂ ತೀರಿಕೊಂಡರು. ಆ ಮೊಕದ್ದಮೆ 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದಾಗ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಸರ್ಕಾರದ್ದೇ ಸಮೀಕ್ಷೆಯನ್ನು ಮುಂದಿಟ್ಟರು: ಹೆಂಗಸು ದಿನಕ್ಕೆ 299 ನಿಮಿಷ ಸಂಬಳವಿಲ್ಲದ ಮನೆಗೆಲಸ ಮಾಡುತ್ತಾಳೆ, ಗಂಡಸು 97 ನಿಮಿಷ. (ಈ 97 ನಿಮಿಷ ನನಗೇಕೋ ಧಾರಾಳದ ಲೆಕ್ಕ ಅನ್ನಿಸುತ್ತದೆ, ಇರಲಿ.) ಗೃಹಿಣಿಗೆ ಆದಾಯ ಕಟ್ಟುವುದಷ್ಟೇ ಸಾಲದು, ಮುಂದೆ ಅದು ಏರುತ್ತಿತ್ತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದಿತು ಆ ತೀರ್ಪು. 2024ರಲ್ಲಿ ಉತ್ತರಾಖಂಡದ ಪ್ರಕರಣವೊಂದರಲ್ಲಿ ಅದೇ ಕೋರ್ಟು ಇನ್ನೂ ನೇರವಾಗಿ ಹೇಳಿತು: ಗೃಹಿಣಿಯ ಆದಾಯವನ್ನು ದಿನಗೂಲಿಯವರ ಕನಿಷ್ಠ ಕೂಲಿಗಿಂತ ಕಡಿಮೆ ಹಿಡಿಯುವುದು ಹೇಗೆ ಸಾಧ್ಯ?

ಈ ತೀರ್ಪುಗಳಿಂದ ಆಗುವ ವ್ಯತ್ಯಾಸಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 35 ವರ್ಷದ ಗೃಹಿಣಿ ತೀರಿಕೊಂಡಳು, ಗಂಡ, ಇಬ್ಬರು ಮಕ್ಕಳಿದ್ದಾರೆ ಎನ್ನಿ. ಅವಳ ದುಡಿಮೆಗೆ ತಿಂಗಳಿಗೆ 12,000 ಕಟ್ಟಿದರೂ, 2017ರ ಪ್ರಣಯ್ ಸೇಠಿ ತೀರ್ಪಿನಂತೆ ಭವಿಷ್ಯದ ಏರಿಕೆಗೆಂದು ಶೇ 40 ಸೇರಿಸಿದರೆ 16,800. ಅವಳದೇ ಖರ್ಚೆಂದು ಮೂರನೇ ಒಂದು ಭಾಗ ಕಳೆದರೆ 11,200. ವರ್ಷಕ್ಕೆ ಹನ್ನೆರಡು ತಿಂಗಳು, ಆ ವಯಸ್ಸಿಗೆ ಗುಣಕ 16. ಒಟ್ಟು 21,50,400 ರೂಪಾಯಿ. ಹಳೆಯ ಅನುಸೂಚಿಯ 15,000ದ ಲೆಕ್ಕದಲ್ಲಿ ಇದರ ಹತ್ತಿರಕ್ಕೂ ಬರುತ್ತಿರಲಿಲ್ಲ.

ಗಾಯವಾದರೆ ಲೆಕ್ಕ ಬೇರೆ. 2010ರ ರಾಜ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಮಾತು ಸ್ಪಷ್ಟಪಡಿಸಿದೆ. ಡಾಕ್ಟರು ಬರೆದ ಶೇಕಡಾವಾರು ಊನವನ್ನೇ ಆದಾಯದ ನಷ್ಟವೆಂದು ಹಿಡಿಯಬೇಡಿ, ಆ ಮನುಷ್ಯನಿಗೆ ತನ್ನ ಕೆಲಸ ಮಾಡಲು ಎಷ್ಟರಮಟ್ಟಿಗೆ ಆಗದೆ ಹೋಯಿತು ನೋಡಿ ಎಂದು. ಎಡಗೈ ಕಳೆದುಕೊಂಡ ಸರ್ಕಾರಿ ಗುಮಾಸ್ತನ ನೌಕರಿ ಉಳಿದೀತು, ಬಡಗಿಯದು ಉಳಿಯುವುದಿಲ್ಲ. ನಮ್ಮ ಅತ್ತಿಗೆಯ ಮಣಿಕಟ್ಟು ಕೂಡಿಕೊಂಡಿತು, ಆದರೆ ಪೂರ್ತಿ ತಿರುಗುವುದಿಲ್ಲ. ನೋಡಿದವರಿಗೆ ಕೈ ಚೆನ್ನಾಗಿಯೇ ಇದೆ. ಮುದ್ದೆ ತೊಳಸುವಾಗ ಗೊತ್ತಾಗುತ್ತದೆ. ಕುದಿಯುವ ಹಿಟ್ಟಿನೊಳಗೆ ಮುದ್ದೆ ಕೋಲು ಇಳಿಸಿ, ಪಾತ್ರೆಯನ್ನು ಕಾಲಿನಿಂದ ಒತ್ತಿ ಹಿಡಿದು, ಗಂಟಾಗದ ಹಾಗೆ ತಿರುವುವುದಕ್ಕೆ ಬೇಕಾದ ಬಲವೆಲ್ಲ ಬರುವುದು ಆ ಮಣಿಕಟ್ಟಿನಿಂದ. ಈಗ ಆ ಮನೆಯಲ್ಲಿ ಮುದ್ದೆ ತೊಳಸುವವನು ಅಣ್ಣ. ಗಂಟುಗಂಟು ಮುದ್ದೆ, ಆದರೂ ಯಾರೂ ಮಾತಾಡುವುದಿಲ್ಲ.

ಇನ್ನು ನಾನು ಈ ಅಂಕಣ ಬರೆಯಲು ಕೂತ ಕಾರಣಕ್ಕೆ ಬರುತ್ತೇನೆ. ಒಂದು ವೇಳೆ ಅಣ್ಣ ಆವತ್ತು ನಿಜ ಹೇಳಿದ್ದರೆ? ಪರಿಹಾರ ಕೊಡಬೇಕಾದವರು ಯಾರು? ಬೇರೆ ಗಾಡಿ ಬಂದು ಗುದ್ದಿದ್ದರೆ ಆ ಗಾಡಿಯ ವಿಮಾ ಕಂಪನಿ. ಅಲ್ಲಿ ಹಿಂದೆ ಕೂತವಳಿಗೆ ಕಾನೂನು ಉದಾರವಾಗಿಯೇ ಇದೆ. ಎರಡು ಗಾಡಿಗಳ ಚಾಲಕರದ್ದೂ ತಪ್ಪಿದ್ದರೆ ಪೂರ್ತಿ ಪರಿಹಾರವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ಕೇಳಬಹುದು ಎಂದು 2015ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ತ್ರಿಬಲ್ ರೈಡಿಂಗ್ ಹೋಗಿದ್ದರು ಎಂಬ ಒಂದೇ ಕಾರಣಕ್ಕೆ ಹಣ ಕಡಿತ ಮಾಡುವಂತಿಲ್ಲ, ಅದರಿಂದಲೇ ಅಪಘಾತವಾಯಿತು ಎಂದು ತೋರಿಸಬೇಕು ಎಂದು 2020ರಲ್ಲಿ ಹೇಳಿದೆ. ಆದರೆ ಹಂಪಿನ ಮೇಲೆ, ನಾಯಿ ಅಡ್ಡ ಬಂದಾಗ, ಮಳೆಯಲ್ಲಿ ಸ್ಕಿಡ್ ಆಗಿ ಬಿದ್ದರೆ ಬೇರೆ ಗಾಡಿಯೇ ಇಲ್ಲ. ಇರುವುದು ಗಂಡನ ಗಾಡಿ, ಗಂಡನ ವಿಮೆ. ಅದು ಬರೀ ಥರ್ಡ್ ಪಾರ್ಟಿ ಆಗಿದ್ದರೆ, ಹಿಂದೆ ಕೂತ ಹೆಂಡತಿ ಆ ಮೂರನೆಯವರ ಲೆಕ್ಕಕ್ಕೆ ಬರುವುದಿಲ್ಲ. 2006ರ ತಿಲಕ್ ಸಿಂಗ್ ಪ್ರಕರಣದಿಂದ ಈಚೆಗೆ ನ್ಯಾಯಾಲಯಗಳು ಇದನ್ನೇ ಹೇಳುತ್ತ ಬಂದಿವೆ. ರಸ್ತೆ ದಾಟುವ ಅಪರಿಚಿತ ಅದೇ ಗಾಡಿಗೆ ಸಿಕ್ಕಿದರೆ ವಿಮೆ ಇದೆ, ಹಿಂದೆ ಕೂತವಳಿಗಿಲ್ಲ. ತೀರ್ಪಾದರೆ ಗಂಡನೇ ಹೆಂಡತಿಗೆ ಪರಿಹಾರ ಕೊಡಬೇಕು. ಬೀರು ಒಂದೇ, ಬೀಗದ ಕೈ ಒಂದೇ.

ಇನ್ನೂ ವಿಚಿತ್ರವಿದೆ. ಗಾಡಿ ಓಡಿಸುವ ಮಾಲೀಕನಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯನ್ನು 2018ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಗೊತ್ತುಮಾಡಿತು. ಒಂದೇ ಸ್ಕೂಟರ್, ಒಂದೇ ಹಂಪು. ಮುಂದೆ ಕೂತವನಿಗೆ 15 ಲಕ್ಷ, ಹಿಂದೆ ಕೂತವಳಿಗೆ ಸೊನ್ನೆ.

ಪ್ಯಾಕೇಜ್ ಪಾಲಿಸಿ, ನಾವು 'ಫುಲ್ ಇನ್ಶೂರೆನ್ಸ್' ಅನ್ನುತ್ತೇವಲ್ಲ, ಅದರಲ್ಲಿ ಹಿಂಬದಿ ಸವಾರರಿಗೂ ರಕ್ಷಣೆ ಉಂಟು ಎಂದು ಅದೇ ಪ್ರಾಧಿಕಾರ 2009ರ ನವೆಂಬರ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ತೊಂದರೆ ಏನೆಂದರೆ, 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿಯನ್ನು ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ, ಗಾಡಿಯ ಸ್ವಂತ ಹಾನಿಯ ಭಾಗ ಸಾಮಾನ್ಯವಾಗಿ ಒಂದೇ ವರ್ಷದ್ದು. ಎರಡನೇ ವರ್ಷ ಯಾರೂ ಆ ಕಡೆ ತಲೆ ಹಾಕುವುದಿಲ್ಲ. ಪೊಲೀಸರು ಹಿಡಿದರೆ ತೋರಿಸಲು ಐದು ವರ್ಷದ ಕಾಗದ ಇದೆಯಲ್ಲ! ಅಣ್ಣನ ಡಿಕ್ಕಿಯಲ್ಲೂ ಇದ್ದದ್ದು ಅದೇ ಕಾಗದ. ನಿಜ ಹೇಳಿದ್ದರೂ ಅದರಿಂದ ಅತ್ತಿಗೆಗೆ ಪರಿಹಾರ ಸಿಗುತ್ತಿರಲಿಲ್ಲ ಎಂಬುದು ನನಗೆ ತಿಳಿದದ್ದು ಪ್ಲಾಸ್ಟರ್ ಬಿಚ್ಚಿದ ಮೇಲೆ.

ಕಾನೂನು ಹಿಂದೆ ಕೂತವಳನ್ನು ಪೂರ್ತಿ ಮರೆತಿದೆ ಎಂದರೂ ತಪ್ಪಾದೀತು. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ನೋಡಿ. ಹಿಂದೆ ಕೂರುವ ಸೌಕರ್ಯವಿರುವ ಬೈಕಿಗೆ ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಮೆಟ್ಟು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ತಡೆ ಇರಲೇಬೇಕು. ಅದೇ ನಮ್ಮ ಸೀರೆ ಗಾರ್ಡ್. ದೆಹಲಿಯಲ್ಲಿ ಕೂತ ಯಾವನೋ ಅಧಿಕಾರಿ ಸೆರಗಿನ ಬಗ್ಗೆ ಯೋಚಿಸಿದ್ದಾನೆ ಎಂಬುದೇ ನನಗೆ ಬಹಳ ಇಷ್ಟವಾದ ಸಂಗತಿ. ಶೋರೂಮಿನಿಂದ ಬಂದ ವಾರಕ್ಕೆ ನಮ್ಮ ಹುಡುಗರು 'ಲುಕ್ ಬರಲ್ಲ' ಎಂದು ಮೊದಲು ಬಿಚ್ಚಿಸುವುದು ಅದನ್ನೇ. ಆಮೇಲೆ ಮದುವೆಯಾಗುತ್ತದೆ, ಹಿಂದೆ ಸೀರೆಯೋ ದುಪಟ್ಟಾವೋ ಬಂದು ಕೂರುತ್ತದೆ, ಬಿಚ್ಚಿದ ಗಾರ್ಡ್ ಗ್ಯಾರೇಜಿನ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುತ್ತದೆ.

ಹಂಪಿನ ಕಥೆಯೂ ಇದೇ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯಂತೆ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, ಅಂದರೆ ಚಾಪೆಯ ಹಾಗೆ ಹರಡಿಕೊಂಡಿರಬೇಕು. ಅತ್ತಿಗೆ ಬಿದ್ದ ಹಂಪನ್ನು ನಾನು ಹೋಗಿ ನೋಡಿದೆ. ನನ್ನ ಎರಡು ಹೆಜ್ಜೆಗೆ ಅದರ ಅಗಲ ಮುಗಿದುಹೋಯಿತು. ರಸ್ತೆ ಮಾಡಿದವರು ಮಾನದಂಡ ಮೀರಿ, ಅದರಿಂದ ಯಾರಾದರೂ ಸತ್ತರೆ ಅಥವಾ ಊನವಾದರೆ ಅವರಿಗೆ ಒಂದು ಲಕ್ಷದವರೆಗೆ ದಂಡ ಹಾಕಬಹುದು ಎನ್ನುವ 198ಎ ಕಲಮನ್ನು 2019ರ ತಿದ್ದುಪಡಿ ತಂದಿದೆ. ಬಚ್ಚಲಿನ ಚೀಟಿ ಹಿಡಿದುಕೊಂಡು ಅದನ್ನು ಕೇಳಲು ಹೋಗುವುದು ಹೇಗೆ?

ಅದೇ ತಿದ್ದುಪಡಿ ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವನ್ನೂ ಹಾಕಿದೆ. ಅದನ್ನು ಪ್ರಶ್ನಿಸಿದವರು ಸುಪ್ರೀಂ ಕೋರ್ಟಿಗೆ ಹೋಗಿದ್ದಾರೆ, ನೀವು ಆ ಮೊಕದ್ದಮೆಯನ್ನು ನಂಬಿಕೊಂಡು ಕೂರಬೇಡಿ.

ಈ ಭಾನುವಾರ ಬೀರುವಿನಲ್ಲೋ ಡಿಕ್ಕಿಯಲ್ಲೋ ಇರುವ ವಿಮೆಯ ಕಾಗದ ತೆಗೆದು ನೋಡಿ. ಥರ್ಡ್ ಪಾರ್ಟಿ ಮಾತ್ರವೇ, ಪ್ಯಾಕೇಜೇ? ಅರ್ಥವಾಗದಿದ್ದರೆ ಏಜೆಂಟರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ, "ಹಿಂದೆ ಕೂರೋರಿಗೆ ಏನಿದೆ ಸಾರ್?" ಇಲ್ಲ ಎಂದರೆ ಹೆಚ್ಚುವರಿ ಪ್ರೀಮಿಯಂ ಎಷ್ಟೆಂದು ಕೇಳಿ ಕಟ್ಟಿಬಿಡಿ. ಗ್ಯಾರೇಜಿನವನ ಹತ್ತಿರ ಸೀರೆ ಗಾರ್ಡ್ ಇನ್ನೂ ಇದ್ದರೆ ಅದನ್ನೂ ತನ್ನಿ. ದೇವರು ಮಾಡಲಿ, ಬೀಳುವ ಪ್ರಸಂಗ ಬರದಿರಲಿ. ಬಂದರೆ ಮಾತ್ರ ಡಾಕ್ಟರ ಮುಂದೆ ರಸ್ತೆಯನ್ನು ರಸ್ತೆ ಎಂದೇ ಹೇಳಿ.