ಕಣ್ಣು ಮಂಜಾದಾಗ ಬರುವ ನೆಂಟರು



ಈ ಸಲ ನಮ್ಮ ಮನೆಯದೇ ಒಂದು ಸಂಗತಿಯನ್ನು ನಿಮ್ಮ ಮುಂದಿಡುತ್ತೇವೆ. ನಮ್ಮ ತಾಯಿಯವರು ಹುಬ್ಬಳ್ಳಿಯ ಮನೆ ಬಿಟ್ಟು ಮುಂಬಯಿಗೆ ನಮ್ಮೊಡನಿರಲು ಬಂದು ಎರಡು ವರ್ಷವಾಗಿತ್ತು. ಕಣ್ಣಿನ ಪೊರೆ ಬಲಿತಿತ್ತು. ಇಂದು ನಾಳೆ ಎನ್ನುತ್ತ ಶಸ್ತ್ರಚಿಕಿತ್ಸೆಯನ್ನು ಮುಂದೂಡುತ್ತ ಬಂದಿದ್ದೆವು. ಒಂದು ಸಂಜೆ ಅವರು ಮೆಲ್ಲಗೆ ಹೇಳಿದರು: "ಕಿಡಕಿ ಹತ್ತಿರ ಹುಡುಗರು ಕೂತಾವಪಾ. ಚಲೋ ಅರಿವಿ ಹಾಕ್ಕೊಂಡಾವ. ಮಾತಿಲ್ಲ, ಕತಿಯಿಲ್ಲ. ಅಲ್ಲಿ ಯಾರೂ ಇಲ್ಲಂತ ನನಗೂ ಗೊತ್ತದ, ಆದರ ಕಾಣ್ತಾವ."

ನಾವು ಅರಳುಮರಳು ಎಂದುಕೊಂಡೆವು. ನೆರೆಯವರು ಗಾಳಿ ಸೋಕಿರಬೇಕು, ತಾಯಿತ ಕಟ್ಟಿಸಿ ಎಂದರು. ಕಣ್ಣಿನ ಡಾಕ್ಟರಲ್ಲಿಗೆ ಹೋದಾಗ, ಅವರು ಕೇಳಿದ್ದಕ್ಕೆಲ್ಲ ಮರಾಠಿಯಲ್ಲಿ ಉತ್ತರ ಕೊಟ್ಟವರು ನಾವು. ಈ ಮಾತೊಂದನ್ನು ಮಾತ್ರ ನಾಚಿಕೆಯಿಂದ ನುಂಗಿಕೊಂಡೆವು. ಎರಡನೆಯ ಸಲ ಹೋದಾಗ ಧೈರ್ಯ ಮಾಡಿ ಹೇಳಿದೆವು. ಡಾಕ್ಟರು ನಗಲಿಲ್ಲ. "ಇದಕ್ಕೆ ಚಾರ್ಲ್ಸ್ ಬಾನೆ ಸಿಂಡ್ರೋಮ್ ಎಂದು ಹೆಸರು, ಇದು ಹುಚ್ಚಲ್ಲ" ಎಂದರು.

ಚಾರ್ಲ್ಸ್ ಬಾನೆ ಜಿನೀವಾದ ಪ್ರಕೃತಿವಿಜ್ಞಾನಿ. ತನ್ನ ಅಜ್ಜನ ಅನುಭವವನ್ನು ಆತ 1760ರಲ್ಲಿ ಬರೆದಿಟ್ಟ. ಅಜ್ಜನಿಗೆ ತೊಂಬತ್ತರ ಸನಿಹ. ದೃಷ್ಟಿ ಕುಂದಿತ್ತು, ಬುದ್ಧಿ ಚುರುಕಾಗಿಯೇ ಇತ್ತು. ಆತನಿಗೆ ಜನರು, ಹಕ್ಕಿಗಳು, ಗಾಡಿಗಳು, ಕಟ್ಟಡಗಳು ಕಾಣುತ್ತಿದ್ದುವು. ಅವು ನಿಜವಲ್ಲವೆಂಬುದೂ ತಿಳಿದಿತ್ತು. ಕಣ್ಣಿನಿಂದ ಬರುವ ಸುದ್ದಿ ಕಡಿಮೆಯಾದಾಗ, ನೋಟಕ್ಕೆ ಮೀಸಲಾದ ಮಿದುಳಿನ ಭಾಗವು ಸುಮ್ಮನಿರಲಾರದೆ ತಾನೇ ಚಿತ್ರ ಬರೆಯತೊಡಗುತ್ತದೆ. ಪೊರೆ, ಗ್ಲಾಕೋಮಾ, ಸಕ್ಕರೆ ಕಾಯಿಲೆಯಿಂದ ಕೆಟ್ಟ ಅಕ್ಷಿಪಟಲ, ಇವುಗಳಲ್ಲಿ ಯಾವುದರಿಂದಲೂ ಹೀಗಾಗಬಹುದು. ಇದರಲ್ಲಿ ಚಿತ್ರ ಕಾಣುವುದಷ್ಟೇ, ದನಿ ಕೇಳಿಸುವುದಿಲ್ಲ. ಕೋಣೆಯಲ್ಲಿ ದೀಪ ಹೆಚ್ಚಿಸಿದರೆ, ಕಣ್ಣು ಮಿಟುಕಿಸಿ ಎಡಕ್ಕೂ ಬಲಕ್ಕೂ ಹೊರಳಿಸಿದರೆ, ಎಷ್ಟೋ ಸಲ ಚಿತ್ರ ಕರಗುತ್ತದೆ.

ಆದರೆ ಎಲ್ಲ ಭ್ರಮೆಯೂ ಕಣ್ಣಿನದಲ್ಲವೆಂಬುದನ್ನು ಮರೆಯಬಾರದು. ನಿನ್ನೆಯವರೆಗೆ ಸರಿಯಾಗಿದ್ದ ಹಿರಿಯರು ಇಂದು ಇದ್ದಕ್ಕಿದ್ದಂತೆ ಇಲ್ಲದ್ದನ್ನು ಕಾಣುತ್ತ, ಮಾತು ತಪ್ಪುತ್ತ, ಮನೆಯವರ ಗುರುತು ಮರೆತರೆ ಅಂದೇ ಆಸ್ಪತ್ರೆಗೆ ಒಯ್ಯತಕ್ಕದ್ದು. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಹೊಸದಾಗಿ ಆರಂಭಿಸಿದ ಔಷಧ, ಇಂಥ ಕಾರಣಗಳಿರಬಹುದು. ಜ್ವರವಿಲ್ಲವೆಂದು ಸುಮ್ಮನಿರಬೇಡಿ. ಪಾರ್ಕಿನ್ಸನ್ ಕಾಯಿಲೆಯಲ್ಲಿಯೂ ಭ್ರಮೆ ಕಾಣಿಸಿಕೊಳ್ಳುವುದುಂಟು. ಯಾವುದು ಯಾವುದೆಂದು ನಿರ್ಣಯಿಸುವುದು ಡಾಕ್ಟರ ಕೆಲಸ, ನಮ್ಮದಲ್ಲ.

ನಮ್ಮ ಕೆಲಸ ಬೇರೆ ಇದೆ. ಗದರಿಸಿದರೆ ಹಿರಿಯರು ಮತ್ತೆ ಬಾಯಿ ಬಿಡುವುದಿಲ್ಲ. ಒಳಗೊಳಗೇ ತಮಗೆ ಹುಚ್ಚು ಹಿಡಿಯಿತೆಂದು ಹೆದರುತ್ತಾರೆ. ಪರಭಾಷೆಯ ಊರಿನಲ್ಲಿ ಅವರಿಗೆ ನಾವೇ ನಾಲಗೆ. ಅವರು ಹೇಳಿದ್ದನ್ನು ನಾಚದೆ, ಮರೆಮಾಚದೆ ಡಾಕ್ಟರಿಗೆ ಪೂರ್ತಿಯಾಗಿ ಮುಟ್ಟಿಸೋಣ.

ಪೊರೆ ತೆಗೆಸಿದ ಮೇಲೆ ನಮ್ಮಲ್ಲಿ ಆ ಹುಡುಗರು ಬರುವುದು ನಿಂತಿತು. "ಪಾಪ, ಎಲ್ಲಿ ಹೋದವೋ ಏನೋ" ಎಂದು ತಾಯಿಯವರು ನಕ್ಕರು. ಅವರೊಡನೆ ನಾವೂ ನಕ್ಕೆವು.